ಕಾರಂಜಿಯ ಕೆಳಗಿನ ಮರ್ಯಾದೆ

ಮಕ್ಕಳೇ, ಒಂದು ಮನೆಯ ಹಿತ್ತಲಲ್ಲಿ ಕಲ್ಲು ಕಟ್ಟಿದ ಕೊಳವೊಂದಿತ್ತು. ಅದರ ಅರ್ಧಕ್ಕೆ ಬೆಳಗಿನಿಂದ ಸಂಜೆಯವರೆಗೂ ಬಿಸಿಲು. ಅಲ್ಲಿ ಕಾರಂಜಿಯ ನೀರು ದಬದಬನೆ ಸುರಿಯುತ್ತಿತ್ತು. ಇನ್ನರ್ಧ ಕೆಸುವಿನೆಲೆಗಳ ನೆರಳಿನಲ್ಲಿ, ತಣ್ಣಗೆ, ಅಲುಗಾಡದೆ ಇರುತ್ತಿತ್ತು.

ಕೊಳದ ಹಿರಿಯ ಜಟ್ಟಪ್ಪನೆಂಬ ಏಡಿ. ಅವನ ಸಿಟ್ಟು ಮೂಗಿನ ತುದಿಯಲ್ಲಿತ್ತು ಎನ್ನೋಣವೆಂದರೆ ಏಡಿಗೆ ಮೂಗೆಲ್ಲಿ? ಇಕ್ಕಳದಂಥ ಕೈಗಳ ತುದಿಯಲ್ಲಿತ್ತು ಎನ್ನಬೇಕು.

ಕಾರಂಜಿಯ ಕೆಳಗಿನ ಚಪ್ಪಡಿ ಜಟ್ಟಪ್ಪನ ಜಾಗ. ಬಿಸಿಲಿಗೆ ಕಾದ ನೀರು ಬೆನ್ನಿನ ಮೇಲೆ ಬೀಳುತ್ತಿದ್ದರೆ ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಆದರೆ ಕೊಳದಲ್ಲೊಂದು ಪದ್ಧತಿಯಿತ್ತು. ಹೊಸಬರು ಬಂದರೆ ಹಿರಿಯನಾದವನು ಹದಿನೈದು ದಿನ ಆ ಚಪ್ಪಡಿಯನ್ನು ಅವರಿಗೆ ಬಿಟ್ಟು, ತಾನು ನೆರಳಿಗೆ ಹೋಗಿ ಕೂರಬೇಕು. ಅದಕ್ಕಿಂತ ದೊಡ್ಡ ಮರ್ಯಾದೆ ಅಲ್ಲಿ ಬೇರೆ ಇರಲಿಲ್ಲ.

ಒಂದು ದಿನ ಮನೆಯ ಹುಡುಗಿಯ ಗಾಜಿನ ತೊಟ್ಟಿ ಒಡೆಯಿತು. ಅದರೊಳಗೆ ಸಾಕಿದ್ದ ಆಕ್ಸೊಲಾಟಲ್ ಎಂಬ ನೀರುಜೀವಿಯನ್ನು ಅವಳು ತಂದು ಕೊಳಕ್ಕೆ ಬಿಟ್ಟಳು. ನಾಲ್ಕು ಕಾಲು, ಮೀನಿನ ಬಾಲ, ಕತ್ತಿನ ಎರಡೂ ಪಕ್ಕ ಗರಿಯಂಥ ಕಿವಿರು. ದೂರದೇಶದ ತಣ್ಣನೆಯ ಕೆರೆಯ ಕುಲ. ಹುಡುಗಿ ಅವಳನ್ನು ಕೇದಿಗೆ ಎಂದು ಕರೆಯುತ್ತಿದ್ದಳು.

ಜಟ್ಟಪ್ಪ ತಾನೇ ಮುಂದೆ ನಡೆದು ಚಪ್ಪಡಿ ತೋರಿಸಿದ. "ಇದು ನನ್ನ ಜಾಗ. ಕೂತ್ಕೋ ತಾಯಿ, ಹದಿನೈದು ದಿನ ಇದು ನಿಂದು" ಎಂದ. ಕೇದಿಗೆ ತಲೆಬಾಗಿ ಕೂತಳು. ಜಟ್ಟಪ್ಪ ನೆರಳಿಗೆ ಹೋದ. ಅಲ್ಲಿನ ತಣ್ಣೀರಿಗೆ ಅವನ ಕೀಲುಗಳು ಹಿಡಿದುಕೊಂಡವು. ಆದರೂ ಹಲ್ಲು ಕಚ್ಚಿ ಕೂತ.

ಎರಡನೆಯ ದಿನ ಕೇದಿಗೆಯ ಕಿವಿರುಗಳು ಮುಂದಕ್ಕೆ ಬಾಗಿ ಮುಖ ಮುಚ್ಚಿದವು. ಬಾಲದ ತುದಿ ಸುರುಳಿಯಾಯಿತು. ಜಟ್ಟಪ್ಪ ನೋಡಿದ. ಉಪಚಾರ ಮಾಡಿದವನ ಎದುರಿಗೇ ಮುಖ ಮರೆಸಿಕೊಳ್ಳುವುದೆಂದರೇನು ಎಂದು ಅವನ ಮೈ ಉರಿಯಿತು. ಪಕ್ಕದಲ್ಲಿದ್ದ ಕಪ್ಪೆಯೊಂದು ಉಪ್ಪುಖಾರ ಹಚ್ಚಿತು. ಪರದೇಶದವರಿಗೆ ಜಂಭ ಜಾಸ್ತಿಯಂತೆ, ನಮ್ಮಂಥವರ ಮುಖ ನೋಡುವುದಿಲ್ಲವಂತೆ.

ಮೂರನೆಯ ದಿನ ಜಟ್ಟಪ್ಪ ಕೊಬ್ಬಿದ ಎರೆಹುಳು ತಂದುಕೊಟ್ಟ. ಕೇದಿಗೆ ಬಾಯಿಗೆ ಹಾಕಿಕೊಂಡು ಥೂ ಎಂದು ಹೊರಗೆ ಉಗುಳಿದಳು. ಕೊಳದವರೆಲ್ಲ ನೋಡಿದರು. ಮಾರನೆಯ ದಿನ ಅವಳು ಇದ್ದಕ್ಕಿದ್ದಂತೆ ಎದ್ದು ಹುಚ್ಚು ಹಿಡಿದವಳಂತೆ ಓಡಿ ಗೋಡೆಗೆ ಹಣೆ ಬಡಿದುಕೊಂಡಳು. ಅದು ನಮ್ಮ ಕಾರಂಜಿಯನ್ನು ಅಣಕಿಸುವ ಕುಣಿತ ಎಂದು ಕಪ್ಪೆ ಹೇಳಿತು. ಜಟ್ಟಪ್ಪ ನಂಬಿದ. ಸಿಟ್ಟು ಬಂದವನು ನಂಬುವುದಕ್ಕೆ ಏನು ಸಿಕ್ಕರೂ ಸಾಕು. ನೆನೆದರೆ ನನಗೂ ಸಿಟ್ಟು ಬರುತ್ತದೆ.

ಕೇದಿಗೆ ಮೂರು ಸಲ ತೆವಳಿಕೊಂಡು ನೆರಳಿನ ಕಡೆಗೆ ಬಂದಳು. ಮೂರು ಸಲವೂ ಜಟ್ಟಪ್ಪ ಎರಡೂ ಇಕ್ಕಳ ಎತ್ತಿ ಹೆದರಿಸಿ ಬಿಸಿಲಿಗೆ ಅಟ್ಟಿದ. ಕೊಟ್ಟದ್ದು ಸಾಲದೆ ತಾನು ಮುದುಡಿ ಕೂತ ಮೂಲೆಯೂ ಬೇಕಾಯಿತೇ ಇವಳಿಗೆ ಎಂದುಕೊಂಡ. ಸಾವಂತ್ರಕ್ಕ ಎಂಬ ಬಸವನಹುಳು ಒಮ್ಮೆ ಬಾಯಿ ಹಾಕಿ, ಆ ಕೇದಿಗೆಯ ಕಿವಿರಿನ ಕೆಂಪು ಬಿಳಿಚುತ್ತಿದೆ ಎಂದಳು. ನಿನ್ನ ಕೆಲಸ ನೋಡಿಕೋ ಎಂದು ಗದರಿಸಿ ಅವಳ ಬಾಯಿ ಮುಚ್ಚಿಸಿದ.

ಏಳನೆಯ ದಿನ ಮಧ್ಯಾಹ್ನ ನೀರು ಕುದಿಯುವಂತಾಗಿತ್ತು. ಕೇದಿಗೆ ಒಂದು ಪಕ್ಕಕ್ಕೆ ವಾಲಿ ಮೇಲಕ್ಕೆ ತೇಲಿದಳು. ಕಾರಂಜಿಯ ರಭಸಕ್ಕೆ ತಳ್ಳಿಸಿಕೊಂಡು ನೇರ ಜಟ್ಟಪ್ಪನ ತಲೆಯ ಮೇಲೆ ಬಂದಳು. ಹಿರಿಯನ ತಲೆಯ ಮೇಲೆ ತೇಲುವುದು! ಅವನ ಸಿಟ್ಟು ನೆತ್ತಿಗೇರಿತು. ಹಾರಿ ಇಕ್ಕಳ ಹಾಕಿದ. ಒಂದು ಕಿವಿರು ಕಚಕ್ಕನೆ ತುಂಡಾಯಿತು. ನೀರಿಗೆ ರಕ್ತ ಹರಡಿತು. ಕೇದಿಗೆ ತಿರುಗಿ ಕಚ್ಚಲಿಲ್ಲ, ಬಿಡಿಸಿಕೊಳ್ಳಲೂ ಇಲ್ಲ.

ಸಾವಂತ್ರಕ್ಕ ಅವಳ ಹೊಟ್ಟೆಗೆ ಮೈ ತಾಗಿಸಿ ನೋಡಿದಳು. ಆ ಮೆತ್ತಗಿನ ಬಸವನಹುಳುವಿಗೆ ಅಂಥ ಸಿಟ್ಟು ಬಂದದ್ದನ್ನು ಕೊಳದಲ್ಲಿ ಯಾರೂ ಕಂಡಿರಲಿಲ್ಲ.

"ಮುಟ್ಟಿ ನೋಡೋ, ಮೈ ಕಾದ ಕಾವಲಿ ಆಗಿದೆ. ಇದು ತಣ್ಣೀರಿನ ಜೀವ. ನಿನಗೆ ಹಿತವಾಗೋ ಬಿಸಿನೀರಲ್ಲಿ ಇದನ್ನ ಏಳು ದಿನ ಬೇಯಿಸಿದೀಯ. ತಪ್ಪಿಸ್ಕೊಂಡು ಬಂದಾಗ ಹೆದರಿಸಿ ವಾಪಸ್ ಅಟ್ಟಿದೀಯ. ಇದಾ ನಿನ್ನ ಮರ್ಯಾದೆ?"

ಜಟ್ಟಪ್ಪ ಮುಟ್ಟಿ ನೋಡಿದ. ಅವನ ಇಕ್ಕಳಗಳು ಕೆಳಗಿಳಿದವು. ಕೇದಿಗೆಯನ್ನು ಬೆನ್ನ ಮೇಲೆ ಹೊತ್ತು ಕೆಸುವಿನ ಬುಡಕ್ಕೆ ಹೋದ. ತಾನು ಕೂತಿದ್ದ ತಂಪಾದ ಗುಳಿಯಲ್ಲಿ ಮಲಗಿಸಿದ. ಎರಡು ದಿನ ಅವಳು ಸತ್ತಳೋ ಬದುಕಿದಳೋ ಎಂದು ಅಲ್ಲೇ ಕಾದ.

ಮೂರನೆಯ ದಿನ ಅವಳು ಕಣ್ಣರಳಿಸಿದಳು. ಜಟ್ಟಪ್ಪ ನಿಟ್ಟುಸಿರು ಬಿಟ್ಟು, "ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತಾ ತಾಯಿ?" ಎಂದ.

ಕೇದಿಗೆಯ ದನಿ ಸಣ್ಣಗಿತ್ತು, ಆದರೆ ಅದರ ತುಂಬ ಸಿಟ್ಟಿತ್ತು. "ಬಿಸಿಗೆ ಹುಳು ನುಂಗೋಕಾಗ್ಲಿಲ್ಲ, ತಾಳಲಾರದೆ ಓಡಿ ಗೋಡೆಗೆ ಬಡಿದುಕೊಂಡೆ. ಉಸಿರಾಡೋಕೇ ಆಗ್ತಿರಲಿಲ್ಲ, ಮಾತು ಎಲ್ಲಿಂದ ಬರಬೇಕು? ನಮ್ಮವರಲ್ಲಿ ಕಿವಿರು ಮುಂದಕ್ಕೆ ಬಾಗಿದ್ರೆ ಸಾಕು, ಸಂಕಟದಲ್ಲಿದಾಳೆ ಅಂತ ಎಲ್ಲರಿಗೂ ತಿಳಿಯುತ್ತೆ. ನಾನು ಏಳು ದಿನ ಹೇಳ್ತಾನೇ ಇದ್ದೆ. ನೀನು ದಿನಾ ಬಂದು ನೋಡಿ ಹೋಗ್ತಿದ್ದೆ. ಗೊತ್ತಿದ್ದೇ ನನ್ನನ್ನ ಸಾಯಿಸ್ತಿದೀಯ ಅಂದ್ಕೊಂಡಿದ್ದೆ."

ಜಟ್ಟಪ್ಪ ಕೊಳದವರನ್ನೆಲ್ಲ ಕರೆದ. ಆ ದಿನವೇ ಕೊಳದ ಪದ್ಧತಿ ಬದಲಾಯಿತು. ಹೊಸಬರು ಬಂದರೆ ಯಾವ ಜಾಗ ಬೇಕೆಂದು ಮೊದಲು ಅವರನ್ನೇ ಕೇಳಬೇಕು ಎಂದಾಯಿತು.

ಕೇದಿಗೆಯ ಕುಲಕ್ಕೆ ಕಳೆದುಕೊಂಡ ಅಂಗ ಮತ್ತೆ ಬೆಳೆಯುತ್ತದೆ. ಎರಡು ತಿಂಗಳಲ್ಲಿ ತುಂಡಾದ ಕಿವಿರು ಚಿಗುರಿ ಬಂತು. ಬಣ್ಣವೂ ಕೆಂಪಾಯಿತು. ಸಾವಂತ್ರಕ್ಕನ ಜೊತೆ ಮಾತಾಡುವಾಗ ಕಿವಿರುಗಳೆಲ್ಲ ಹಿಂದಕ್ಕೆ ಹರಡಿ ಹಾಯಾಗಿ ಆಡುತ್ತಿದ್ದವು. ಜಟ್ಟಪ್ಪ ದಿನವೂ ಒಂದು ಎರೆಹುಳು ಹಿಡಿದುಕೊಂಡು ಬರುತ್ತಿದ್ದ. ಅವನು ಹತ್ತಿರ ಬಂದ ಕೂಡಲೇ ಅವು ಮುಂದಕ್ಕೆ ಬಾಗುತ್ತಿದ್ದವು. ನೀರು ತಣ್ಣಗಿತ್ತು, ರಭಸವೂ ಇರಲಿಲ್ಲ. ಕಿವಿರು ಬಾಗುವುದರ ಅರ್ಥ ಈಗ ಜಟ್ಟಪ್ಪನಿಗೆ ಚೆನ್ನಾಗಿ ತಿಳಿಯುತ್ತಿತ್ತು. ಹುಳುವನ್ನು ದೂರದಲ್ಲೇ ಇಟ್ಟು ಅವನು ಹಿಂದಕ್ಕೆ ಹೋಗುತ್ತಿದ್ದ.

ನೀತಿ: ಒಬ್ಬರ ನಡತೆ ವಿಚಿತ್ರವಾಗಿ ಕಂಡರೆ ಸಿಟ್ಟಾಗುವ ಮೊದಲು ಅವರಿಗೇನು ನೋವಿದೆಯೆಂದು ನೋಡಬೇಕು, ತಡವಾಗಿ ನೋಡಿದರೆ ಗಾಯ ಮಾಯ್ದರೂ ಭಯ ಉಳಿಯುತ್ತದೆ.