ಗೊರಸಿನ ಓರೆ

"ಬುದ್ಧಿ, ನಾವೆಲ್ಲ ನಸುಕಿನಲ್ಲೆದ್ದು ಧ್ಯಾನಕ್ಕೆ ಕೂರಬೇಕು. ಕೊಟ್ರಯ್ಯನೊಬ್ಬನನ್ನು ಮಾತ್ರ ಮಲಗಲು ಬಿಡುತ್ತೀರಿ. ಮಠದಲ್ಲಿ ಎಲ್ಲರಿಗೂ ಒಂದೇ ನಿಯಮ ಇರಬೇಡವೇ?" ಎಂದು ಶಿಷ್ಯ ಗುರುಪಾದ ಕೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳಿದರು:

ಒಬ್ಬ ಲಾಳಗಾರನಿದ್ದ. ಕುದುರೆಗಳ ಗೊರಸು ಹೆರೆದು ಲಾಳ ಹೊಡೆಯುವುದರಲ್ಲಿ ಅವನ ಕೈ ಪಳಗಿತ್ತು. ಗೊರಸು ಎಷ್ಟು ಓರೆಯಾಗಿರಬೇಕೆಂದು ನೋಡಲು ಅವನ ಬಳಿ ಮರದ ಅಚ್ಚೊಂದಿತ್ತು. ಯಾವ ಕುದುರೆ ಬಂದರೂ ಗೊರಸು ಆ ಅಚ್ಚಿಗೆ ಕೂರುವ ತನಕ ಹೆರೆಯುತ್ತಿದ್ದ.

ಒಮ್ಮೆ ಜಟಕಾದವನೊಬ್ಬ ತನ್ನ ಹೆಣ್ಣು ಕುದುರೆಯನ್ನು ತಂದ. ಹಳೆಯ ಲಾಳ ಸವೆದಿತ್ತು, ಅಷ್ಟೇ. ಆದರೆ ಅದರ ಮುಂಗಾಲಿನ ಗೊರಸುಗಳು ತೀರ ನೆಟ್ಟಗಿದ್ದುದು ಲಾಳಗಾರನ ಕಣ್ಣಿಗೆ ಬಿತ್ತು. ಹಿಮ್ಮಡಿ ಹೆರೆದು ತಗ್ಗಿಸಿ, ಅಚ್ಚಿಗೆ ಸರಿಯಾಗಿ ಓರೆ ಮಾಡಿ, ಹೊಸ ಲಾಳ ಹೊಡೆದು ಕಳಿಸಿದ.

ವಾರ ಕಳೆಯುವುದರೊಳಗೆ ಜಟಕಾದವನು ಕುದುರೆಯನ್ನು ನಡೆಸಿಕೊಂಡು ಬಂದ. ಅದು ಕುಂಟುತ್ತಿತ್ತು. ಲಾಳಗಾರ ಅಚ್ಚು ಹಿಡಿದು ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ನನ್ನ ಕೆಲಸ ಸರಿಯಾಗಿದೆ. ನಿನ್ನ ಕುದುರೆಯ ಕಾಲೇ ಸರಿಯಿಲ್ಲ," ಎಂದ.

"ಇರಬಹುದಣ್ಣ. ಆದರೆ ಆ ಕಾಲಲ್ಲೇ ಇಷ್ಟು ವರ್ಷ ನನ್ನ ಮನೆಮಂದಿಯನ್ನೆಲ್ಲ ಸಾಕಿದಳು," ಎಂದು ಜಟಕಾದವನು ಅದರ ಮೊಣಕಾಲು ಸವರುತ್ತ ಅಲ್ಲೇ ಕುಕ್ಕರಿಸಿದ.

ಲಾಳಗಾರ ಅಚ್ಚು ಕೆಳಗಿಟ್ಟು, ಪಕ್ಕಕ್ಕೆ ಸರಿದು ನಿಂತು, ಮೊದಲ ಸಲ ಇಡೀ ಕಾಲನ್ನು ನೋಡಿದ. ಗೊರಸಿನ ಮೇಲಿನ ಮೂಳೆ ನೆಟ್ಟಗೆ ಇಳಿದಿತ್ತು. ತಾನು ಹೆರೆದ ಗೊರಸು ಮಾತ್ರ ಓರೆಯಾಗಿ ಮುಂದಕ್ಕೆ ಚಾಚಿತ್ತು. ಎರಡೂ ಸೇರುವಲ್ಲಿ ಕಾಲು ಮುರಿದಂತೆ ಬಾಗಿತ್ತು.

ಲಾಳ ಕಿತ್ತ. ಹೆರೆದ ಹಿಮ್ಮಡಿ ಮತ್ತೆ ಬೆಳೆಯಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಆಸರೆಯಾಗಲೆಂದು ದಪ್ಪ ತೊಗಲನ್ನು ಓರೆಯಾಗಿ ಕತ್ತರಿಸಿ, ಹಿಮ್ಮಡಿಯ ಕೆಳಗೆ ಒತ್ತು ಕೊಟ್ಟು, ಅದರ ಮೇಲೆ ಲಾಳ ಹೊಡೆದ. "ಈಗ ನಡೆಸು," ಎಂದ.

ಕುದುರೆ ಮೊದಲು ಅಳುಕಿತು. ಮೆಲ್ಲಗೆ ಒಂದು ಕಾಲೂರಿತು. ಇನ್ನೊಂದು ಊರಿತು. ಆಮೇಲೆ ತಲೆ ಕೊಡವಿ, ಪೂರ್ತಿ ಭಾರ ಬಿಟ್ಟು, ಬೀದಿಯ ಕೊನೆಯವರೆಗೆ ಸರಾಗವಾಗಿ ಹೋಯಿತು. ಜಟಕಾದವನು ನಗುತ್ತ ಅದರ ಪಕ್ಕದಲ್ಲಿ ಓಡಬೇಕಾಯಿತು. ಲಾಳಗಾರ ಬಿಗಿಹಿಡಿದ ಉಸಿರು ಬಿಟ್ಟು ಕಟ್ಟೆಯ ಮೇಲೆ ಕುಳಿತ. ಅಚ್ಚಿಗೆ ಕೂರಿಸಿದ ಯಾವ ಗೊರಸೂ ಅವನ ಮನಸ್ಸನ್ನು ಅಷ್ಟು ಹಗುರ ಮಾಡಿರಲಿಲ್ಲ.

ಗುರುಪಾದ ತಲೆದೂಗಿದ. "ಅರ್ಥವಾಯಿತು ಬುದ್ಧಿ. ಕೊಟ್ರಯ್ಯ ನಮ್ಮಂಥವನಲ್ಲ."

ಗುರುಗಳು ನಕ್ಕರು. "ನಿನಗಾಗಿಯೂ ನಾನು ಎಷ್ಟೋ ನಿಯಮ ಬಿಟ್ಟಿದ್ದೇನಪ್ಪ."