ನಲವತ್ತೊಂದನೇ ಸಾಲು

ವಾರಿಜಮ್ಮ ಆನ್‌ಲೈನ್ ಗುಂಪಿನವರ ಜೊತೆ ಲೇಸ್ ಶಾಲು ಹೆಣೆಯುತ್ತಿದ್ದರು. ಎಲ್ಲರಿಗೂ ಮಾದರಿ ಒಂದೇ, ವಾರಕ್ಕೆ ಹತ್ತು ಸಾಲು. ನಲವತ್ತೊಂದನೇ ಸಾಲಿಗೆ ಬಂದಾಗಲೆಲ್ಲ ಹೂವಿನ ಎಸಳು ಓರೆಯಾಗುತ್ತಿತ್ತು. ಐದನೇ ಸಲ ಬಿಚ್ಚಿಟ್ಟು ಅವರು ಅನ್ನಕ್ಕಿಡಲು ಎದ್ದುಹೋದಾಗ, ಉಲ್ಲನ್ ದಾರ ಫೋನನ್ನು ಕೇಳಿತು:

"ಅಯ್ಯಾ, ಬಿಚ್ಚಿಸಿಕೊಂಡು ಬಿಚ್ಚಿಸಿಕೊಂಡು ನನ್ನ ಮೈಯೆಲ್ಲ ಜುಂಗೆದ್ದಿದೆ. ಉಳಿದವರ ಶಾಲುಗಳು ಸರಿಯಾಗಿವೆಯೇ?"

"ಮೂವತ್ತು ಚಿತ್ರ ಬಂದಿವೆ. ಎಲ್ಲವೂ ಅಂದವಾಗಿವೆ."

"ನಲವತ್ತೊಂದನೇ ಸಾಲು ಹೇಗಿದೆ?"

ಫೋನು ಮತ್ತೊಮ್ಮೆ ನೋಡಿತು. "ಅದು ಕಾಣುವುದಿಲ್ಲ. ಎಲ್ಲರೂ ಶಾಲನ್ನು ಸರಿಯಾಗಿ ಅಲ್ಲಿಗೇ ಮಡಚಿದ್ದಾರೆ."

"ಹಾಗಾದರೆ ತಪ್ಪು ಮಾದರಿಯದ್ದು. ಅಮ್ಮನಿಗೆ ಹೇಳು."

"ಕೇಳಿದ್ದರೆ ಹೇಳುತ್ತಿದ್ದೆ. ಮೂವತ್ತು ಮಂದಿಯಲ್ಲಿ ಒಬ್ಬರೂ ಕೇಳಿಲ್ಲ."

ವಾರಿಜಮ್ಮ ಬಂದು ಮತ್ತೆ ಹೆಣೆದರು. ಎಸಳು ಮತ್ತೆ ಓರೆಯಾಯಿತು. ಈ ಸಲ ಅವರು ಬಿಚ್ಚದೆ, ಶಾಲನ್ನು ಆ ಸಾಲಿಗೇ ನೀಟಾಗಿ ಮಡಚಿ, ಫೋಟೋ ತೆಗೆದು ಗುಂಪಿಗೆ ಕಳಿಸಿದರು. ಚಪ್ಪಾಳೆಗಳು ಬಂದವು. ದಾರಕ್ಕೆ ಅಂತೂ ಬಿಡುವು ಸಿಕ್ಕಿತು.

ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ಉಳಿದಿದ್ದ ಫಿಲೋಮಿನಾ ಆ ಚಿತ್ರ ನೋಡಿದಳು. ತಪ್ಪು ತನ್ನ ಕೈಯದ್ದೇ ಎಂದುಕೊಂಡು, ನಲವತ್ತೊಂದನೇ ಸಾಲನ್ನು ಏಳನೇ ಸಲ ಬಿಚ್ಚತೊಡಗಿದಳು.