ಇಪ್ಪತ್ತೆಂಟನೇ ಪುಟದ ನಿಯಮ

ಪಂಚಾಯ್ತಿ ಕ್ಲರ್ಕ್ ನೀಲಗಂಗಾ ಹನ್ನೊಂದು ಗಂಟೆಯೊಳಗೆ ಗ್ರಾಮಸಭೆಯ ನೋಟಿಸು ಅಚ್ಚು ಹಾಕಬೇಕಿತ್ತು. ಪ್ರಿಂಟರ್ ಮಾತ್ರ ಕನ್ನಡದ ಬದಲು ಬರೀ ಚೌಕಗಳನ್ನು ಕಾರುತ್ತಿತ್ತು. ಕಂಪ್ಯೂಟರ್ ಸಹಾಯದ ವಾಟ್ಸಾಪ್ ಗುಂಪಿನಲ್ಲಿ ಕೇಳಿದಳು.

ಅಡ್ಮಿನ್ ಪ್ರಹ್ಲಾದರಾಯರು ಗುಡುಗಿದರು: "ಗುಂಪಿನ ನಿಯಮಾವಳಿ ಓದಿದ್ದೀರಾ? ಓದದವರಿಗೆ ಇಲ್ಲಿ ಉತ್ತರವಿಲ್ಲ!" ಹೊಸಬರು ಯಾರೇ ಬರಲಿ, ರಾಯರದ್ದು ಇದೇ ಪಾಠ.

ನೀಲಗಂಗಾ ಜಗ್ಗಲಿಲ್ಲ. ಕೂತು ಪೂರ್ತಿ ಓದಿದಳು. ಆಮೇಲೆ ಬರೆದಳು: "ಓದಿದೆ ಸರ್. ಇಪ್ಪತ್ತೆಂಟನೇ ಪುಟದಲ್ಲಿದೆಯಲ್ಲ, ಹೊಸಬರ ಮೊದಲ ಪ್ರಶ್ನೆಗೆ ಅಡ್ಮಿನ್ನೇ ತಕ್ಷಣ ಉತ್ತರ ಕೊಡಬೇಕು ಅಂತ?"

"ಹೌದ್ಹೌದು, ಅದು ನಾನೇ ಬರೆಸಿದ ನಿಯಮ!" ಎಂದ ರಾಯರು ಫಾಂಟ್ ಕಳಿಸಿ, ಹಾಕೋದು ಹೇಗಂತಲೂ ಹೇಳಿಕೊಟ್ಟರು. ನೋಟಿಸು ಅಚ್ಚಾಯಿತು.

"ಉಪಕಾರವಾಯ್ತು ಸರ್," ಎಂದು ಬರೆದಳು ನೀಲಗಂಗಾ. "ಬಿಡುವಾದಾಗ ನೀವೂ ಒಮ್ಮೆ ನಿಯಮಾವಳಿ ಓದಿ. ಇರೋದು ಒಂಬತ್ತೇ ಪುಟ."